ತ್ಯಾಗರಾಜರ ಮನೆಯ ಮಗಳು: ಬೆಂಗಳೂರು ನಾಗರತ್ನಮ್ಮ

ಕಾವೇರಿಯ ದಡದ ತಿರುವಯ್ಯಾರಿನಲ್ಲಿ ಪ್ರತಿವರ್ಷ ಪುಷ್ಯ ಬಹುಳ ಪಂಚಮಿಯಂದು ನೂರಾರು ವಿದ್ವಾಂಸರು ಸೇರಿ, ಒಕ್ಕೊರಲಿನಿಂದ ಪಂಚರತ್ನ ಕೃತಿಗಳನ್ನು ಹಾಡಿ ಸದ್ಗುರು ತ್ಯಾಗರಾಜರಿಗೆ ನಾದನೈವೇದ್ಯವನ್ನು ಸಮರ್ಪಿಸುತ್ತಾರೆ. ಸ್ವಾಮಿಗಳ ಸಮಾಧಿಗೆ ಎದುರಾಗಿ ಅಲ್ಲಿ ಮಹಿಳೆಯೊಬ್ಬರ ಪ್ರತಿಮೆಯಿದೆ. ಆಕೆಯೇ ಆ ಗುಡಿಯನ್ನು ಕಟ್ಟಿಸಿದ, ಕನ್ನಡ ನಾಡಿನ ಮಗಳು, ಬೆಂಗಳೂರು ನಾಗರತ್ನಮ್ಮನವರು.

ನಾಗರತ್ನಮ್ಮನವರು 1878ರಲ್ಲಿ ಕಪಿಲಾ ತೀರದ ನಂಜನಗೂಡಿನಲ್ಲಿ ಜನಿಸಿದರು. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಕುಲದವರು. ತಂದೆ ಕೈಬಿಟ್ಟು ಹೋದುದರಿಂದ ಮಗುವಿನ ಸಮಸ್ತ ಭಾರವೂ ಆ ತಾಯಿಯ ಹೆಗಲಿಗೇ ಬಿದ್ದಿತು. ಬಡತನದಲ್ಲಿಯೂ ಆಕೆ ಮಗಳ ವಿದ್ಯೆಗೆ ಕೊರತೆ ಮಾಡಲಿಲ್ಲ. ಸಂಸ್ಕೃತ, ತೆಲುಗು, ಸಂಗೀತ, ನೃತ್ಯಗಳಲ್ಲಿ ಶಿಕ್ಷಣ ಕೊಡಿಸಿದರು. ಬೆಂಗಳೂರಿನಲ್ಲಿ ಸಂಗೀತ ಪಾಠ ಹೇಳಿದ ಮುನಿಸ್ವಾಮಪ್ಪನವರು ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ಹೀಗೆ ತಂದೆಯ ಆಸರೆಯಿಲ್ಲದ ಬಾಲಿಕೆಗೆ ಎಳವೆಯಲ್ಲಿಯೇ ತ್ಯಾಗರಾಜರ ನಾಮವು ಕಿವಿಗೆ ಬಿದ್ದಿತು. ಹದಿನಾಲ್ಕರ ಸುಮಾರಿಗೆ ತಾಯಿಯೂ ತೀರಿಕೊಂಡಾಗ, ಆಕೆಯ ಪಾಲಿಗೆ ಉಳಿದ ಆಸ್ತಿಯೆಂದರೆ ಆ ತಾಯಿ ಕೊಡಿಸಿದ ವಿದ್ಯೆಯೊಂದೇ.

ಆ ವಿದ್ಯೆ ಕೈಬಿಡಲಿಲ್ಲ. ಮೈಸೂರು ಅರಮನೆಯ ಮನ್ನಣೆ ದೊರೆಯಿತು. ಮುಂದೆ ಮದರಾಸಿಗೆ ಹೋಗಿ ನೆಲೆಸಿದ ನಾಗರತ್ನಮ್ಮನವರು ಗಾಯನದಿಂದ ಕೀರ್ತಿಯನ್ನೂ ಸಂಪತ್ತನ್ನೂ ಗಳಿಸಿದರು. ಹುಟ್ಟಿದ ನಾಡನ್ನು ಬಿಟ್ಟು ಬಂದರೂ ತಮ್ಮ ಹೆಸರಿನ ಹಿಂದಿನ ಬೆಂಗಳೂರನ್ನು ಮಾತ್ರ ಬಿಡಲಿಲ್ಲ. ಪಾಂಡಿತ್ಯದಲ್ಲಿಯೂ ಅವರು ಹಿಂದುಳಿದವರಲ್ಲ. ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ ರಾಧಿಕಾ ಸಾಂತ್ವನವನ್ನು 1910ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಅಂದಿನ ಸರ್ಕಾರವು ಅದನ್ನು ನಿಷೇಧಿಸಿದರೂ ಅವರು ಎದೆಗುಂದಲಿಲ್ಲ.

1921ರಲ್ಲಿ ಮೈಸೂರಿನ ಗಾಯಕ ಬಿಡಾರಂ ಕೃಷ್ಣಪ್ಪನವರಿಂದ ಒಂದು ಪತ್ರ ಬಂದಿತು. ತಿರುವಯ್ಯಾರಿನ ತ್ಯಾಗರಾಜರ ಸಮಾಧಿಯು ನೋಡುವವರಿಲ್ಲದೆ ಶಿಥಿಲವಾಗಿದೆ ಎಂಬುದು ಅದರ ಸಾರ. ಅದನ್ನು ಓದಿದ ನಾಗರತ್ನಮ್ಮನವರಿಗೆ ಹೆತ್ತ ತಂದೆಯ ಮನೆಯೇ ಬಿದ್ದುಹೋದಂತೆ ಸಂಕಟವಾಗಿರಬೇಕು. ಯಾರ ಕೃತಿಗಳನ್ನು ಹಾಡಿ ತಾವು ಉಂಡು ಉಟ್ಟರೋ ಅವರಿಗೆ ನೆರಳಿಲ್ಲವೆಂದರೆ ತಮ್ಮ ಸಂಪತ್ತಿಗೆ ಅರ್ಥವೇನು? ಆಭರಣಗಳನ್ನೂ ಆಸ್ತಿಯನ್ನೂ ಮಾರಿ, ಸಮಾಧಿಯ ಸುತ್ತಲ ಜಾಗವನ್ನು ಪಡೆದು, ಗುಡಿಯನ್ನು ಕಟ್ಟಿಸಲು ತೊಡಗಿದರು. 1926ರಲ್ಲಿ ಅದರ ಪ್ರತಿಷ್ಠೆ ನೆರವೇರಿತು.

ಆದರೆ ಗುಡಿಯನ್ನು ಕಟ್ಟಿಸಿದ ಕೈಗೆ ಅಲ್ಲಿ ತಂಬೂರಿ ಹಿಡಿಯುವ ಅಧಿಕಾರವಿರಲಿಲ್ಲ. ಆರಾಧನೆಯನ್ನು ನಡೆಸುತ್ತಿದ್ದ ವಿದ್ವಾಂಸರ ಎರಡು ಬಣಗಳೂ ಸ್ತ್ರೀಯರಿಗೆ ಹಾಡಲು ಎಡೆಗೊಡಲಿಲ್ಲ. ಮಗಳು ಕಟ್ಟಿಸಿದ ಮನೆಗೆ ಮಗಳೇ ಹೊರಗಿನವಳಾದಳು! ನಾಗರತ್ನಮ್ಮನವರು ಮುನಿದು ಮದರಾಸಿಗೆ ಮರಳಲಿಲ್ಲ. ಹಣದ ದರ್ಪವನ್ನೂ ತೋರಲಿಲ್ಲ. 1927ರಲ್ಲಿ ಸ್ತ್ರೀಯರದೇ ಒಂದು ಬಣವನ್ನು ಕಟ್ಟಿ, ಸಮಾಧಿಯ ಹಿಂಭಾಗದಲ್ಲಿ ಪ್ರತ್ಯೇಕವಾಗಿ ಆರಾಧನೆಯನ್ನು ಆರಂಭಿಸಿದರು. ವರ್ಷದ ಮೇಲೆ ವರ್ಷ ಅಲ್ಲಿಯೇ ಹಾಡಿದರು. ಕಡೆಗೆ 1940ರ ದಶಕದ ಆರಂಭದಲ್ಲಿ ಎಲ್ಲ ಬಣಗಳೂ ಒಂದಾದಾಗ ಸ್ತ್ರೀಯರಿಗೂ ಆರಾಧನೆಯಲ್ಲಿ ಸ್ಥಾನ ದೊರೆಯಿತು.

ಕೊನೆಯ ವರ್ಷಗಳನ್ನು ಅವರು ತಿರುವಯ್ಯಾರಿನಲ್ಲಿಯೇ ಕಳೆದರು. ಜನರು ಅವರನ್ನು ತ್ಯಾಗಸೇವಾಸಕ್ತೆ ಎಂಬ ಬಿರುದಿನಿಂದ ಗೌರವಿಸಿದರು. ಉಳಿದ ಆಸ್ತಿಯನ್ನೂ ಗುಡಿಯ ಸೇವೆಗೆಂದು ಉಯಿಲು ಬರೆದಿಟ್ಟರು. ಅದರಲ್ಲಿ, ದೇವದಾಸಿಯರೂ ಸೇರಿದಂತೆ ಸ್ತ್ರೀಯರಿಗೆ ಅಲ್ಲಿ ಸೇವೆ ಸಲ್ಲಿಸುವ ಹಕ್ಕಿರಬೇಕೆಂದು ವಿಧಿಸಿದರು. ತಾವು ಕಾದು ನಿಂತ ಬಾಗಿಲಲ್ಲಿ ಮುಂದಿನ ಹೆಣ್ಣುಮಕ್ಕಳು ಕಾಯಬಾರದೆಂಬ ತಾಯ್ತನವದು.

1952ರ ಮೇ 19ರಂದು ನಾಗರತ್ನಮ್ಮನವರು ಇಹಲೋಕವನ್ನು ತ್ಯಜಿಸಿದರು. ಅವರ ಸಮಾಧಿಯೂ ಸ್ವಾಮಿಗಳ ಸನ್ನಿಧಿಯಲ್ಲಿಯೇ ಇದೆ. ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ ತಿರುವಯ್ಯಾರಿನತ್ತ ಹರಿಯುತ್ತಾಳೆ. ಆ ನೀರಿನ ಜಾಡಿನಲ್ಲಿಯೇ ನಡೆದುಹೋದ ಈ ಮಗಳು, ದೂರದ ಊರಿನಲ್ಲಿ ನೆಲೆಸಿದವರೂ ಅಲ್ಲಿಯ ದೈವಕ್ಕೆ ಮನೆಯವರಾಗಿ ಬಾಳಬಹುದೆಂಬುದನ್ನು ತೋರಿಸಿಕೊಟ್ಟಿದ್ದಾರೆ. ಆ ಪುಣ್ಯಚೇತನಕ್ಕೆ ನಮನಗಳು.