ಹಾಡಿ ಮನೆ ನಡೆಸಿದ ತಾಯಿ ಗಂಗೂಬಾಯಿ ಹಾನಗಲ್
1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಅವರಿಗೆ 16ಕ್ಕೇ ಗುರುರಾವ್ ಕೌಲಗಿ ಜೊತೆ ಮದುವೆ. ಒಬ್ಬ ಮಗಳು, ಇಬ್ಬರು ಗಂಡುಮಕ್ಕಳು. ಹಾಡುಗಾರ್ತಿ ತಾಯಿ ಅಂಬಾಬಾಯಿ ಬೇಗ ತೀರಿಕೊಂಡರು. ಮನೆಯಲ್ಲಿ ದುಡ್ಡಿನ ಅಡಚಣೆ, ಹಾಡೋದೇ ದುಡಿಮೆ ಆಯ್ತು. ಹಾಗಂತ ಕಲಿಯೋದು ಬಿಡಲಿಲ್ಲ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಪಾಠ ಹೇಳಿಸಿಕೊಂಡು, ರಾತ್ರಿ ವಾಪಸ್ ಮಕ್ಕಳ ಹತ್ತಿರ ಬರ್ತಿದ್ದರು.

ಗಂಟಲಿನ ಚಿಕಿತ್ಸೆಯಿಂದ ದನಿ ಗಡಸಾಯ್ತು, ಅದೇ ಅವರ ಗುರುತಾಯ್ತು. ಮಗಳು ಕೃಷ್ಣಾ ದೊಡ್ಡವಳಾಗಿ ಕಛೇರಿಗಳಲ್ಲಿ ತಾಯಿಯ ಪಕ್ಕ ಕೂತು ದನಿಗೂಡಿಸಿದರು. 2002ರಲ್ಲಿ ಪದ್ಮವಿಭೂಷಣ ಬಂತು. 2004ರಲ್ಲಿ ಕೃಷ್ಣಾ ಕ್ಯಾನ್ಸರ್‌ನಿಂದ ತೀರಿಕೊಂಡರು. ಪಕ್ಕದ ದನಿ ಇಲ್ಲದೆಯೂ, 2006ರಲ್ಲಿ 93ರ ತಾಯಿ ಕೊನೆಯ ಕಛೇರಿ ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ನಿಧನರಾದರು. ಅವರ ಕಣ್ಣುಗಳನ್ನು ದಾನ ಮಾಡಲಾಯಿತು.