ಪ್ರಿಯಾ ತೆಂಡೂಲ್ಕರ್

ಪ್ರಿಯಾ ತೆಂಡೂಲ್ಕರ್ (ಅಕ್ಟೋಬರ್ 19, 1954 – ಸೆಪ್ಟೆಂಬರ್ 19, 2002) ಭಾರತೀಯ ನಟಿ, ಕಿರುತೆರೆ ನಿರೂಪಕಿ ಹಾಗೂ ಮರಾಠಿ ಕಥೆಗಾರ್ತಿ. 1985ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ 'ರಜನಿ' ಎಂಬ ಹಿಂದಿ ಧಾರಾವಾಹಿಯ ಮುಖ್ಯ ಪಾತ್ರದಿಂದ ಅವರು ದೇಶದಾದ್ಯಂತ ಮನೆಮಾತಾದರು. 1980ರ ಕನ್ನಡ ಚಲನಚಿತ್ರ 'ಮಿಂಚಿನ ಓಟ'ದಲ್ಲಿಯೂ ನಟಿಸಿದ್ದಾರೆ.

ಆರಂಭಿಕ ಜೀವನ

ಪ್ರಿಯಾ ಅವರು ಮರಾಠಿಯ ಪ್ರಸಿದ್ಧ ನಾಟಕಕಾರ ವಿಜಯ್ ತೆಂಡೂಲ್ಕರ್ ಅವರ ಪುತ್ರಿ. ರಂಗಭೂಮಿಯ ಒಡನಾಟ ಅವರಿಗೆ ಮನೆಯಿಂದಲೇ ದೊರೆಯಿತು. ಗಿರೀಶ್ ಕಾರ್ನಾಡರ 'ಹಯವದನ' ನಾಟಕದ ಪ್ರಯೋಗವೊಂದರಲ್ಲಿ ಗೊಂಬೆಯ ಪಾತ್ರ ವಹಿಸಿದ್ದರು. ನಟನೆಯನ್ನೇ ವೃತ್ತಿಯಾಗಿ ಸ್ವೀಕರಿಸುವ ಮೊದಲು ಹೋಟೆಲ್ ಸ್ವಾಗತಕಾರಿಣಿ, ಗಗನಸಖಿ, ರೂಪದರ್ಶಿ ಹಾಗೂ ವಾರ್ತಾವಾಚಕಿಯಾಗಿ ದುಡಿದರು.

ಚಲನಚಿತ್ರಗಳು

ಶ್ಯಾಮ್ ಬೆನೆಗಲ್ ನಿರ್ದೇಶನದ 'ಅಂಕುರ್' (1974) ಚಿತ್ರದಲ್ಲಿ ಅನಂತ್ ನಾಗ್ ಅವರ ಪತ್ನಿಯ ಪಾತ್ರ ನಿರ್ವಹಿಸಿದರು. ಶಂಕರ್ ನಾಗ್ ನಿರ್ದೇಶಿಸಿದ ಮೊದಲ ಚಿತ್ರ 'ಮಿಂಚಿನ ಓಟ'ದಲ್ಲಿ ನಾಗ್ ಸಹೋದರರಿಬ್ಬರ ಜೊತೆ ಅಭಿನಯಿಸಿದರು. ಹಲವು ಮರಾಠಿ ಚಿತ್ರಗಳಲ್ಲಿ ನಟಿಸಿದ ಅವರು, ಮುಂದೆ 'ತ್ರಿಮೂರ್ತಿ' (1995), 'ಗುಪ್ತ್' (1997) ಮೊದಲಾದ ಹಿಂದಿ ಚಿತ್ರಗಳಲ್ಲಿ ಪೋಷಕ ಪಾತ್ರಗಳನ್ನು ವಹಿಸಿದರು.

ರಜನಿ

ಬಾಸು ಚಟರ್ಜಿ ನಿರ್ದೇಶನದ 'ರಜನಿ' ಧಾರಾವಾಹಿಯ ನಾಯಕಿ ಒಬ್ಬ ಸಾಮಾನ್ಯ ಗೃಹಿಣಿ. ಅಡುಗೆ ಅನಿಲದ ಸಿಲಿಂಡರ್ ಪೂರೈಕೆಯಲ್ಲಿನ ಅಕ್ರಮ, ಟ್ಯಾಕ್ಸಿ ಚಾಲಕರ ಮನಬಂದ ವರ್ತನೆ, ಕಚೇರಿಗಳ ಉದಾಸೀನ ಇಂತಹ ನಿತ್ಯದ ತೊಡಕುಗಳನ್ನು ಆಕೆ ಸುಮ್ಮನೆ ಸಹಿಸದೆ ನೇರವಾಗಿ ಪ್ರಶ್ನಿಸುತ್ತಿದ್ದಳು. ದೇಶದಲ್ಲಿ ದೂರದರ್ಶನವೊಂದೇ ಇದ್ದ ಆ ಕಾಲದಲ್ಲಿ, ಸರ್ಕಾರಿ ಮಾಧ್ಯಮದಲ್ಲಿಯೇ ಮಧ್ಯಮ ವರ್ಗದ ಬಳಕೆದಾರರ ದೂರುಗಳಿಗೆ ಧ್ವನಿ ದೊರೆತದ್ದು ಧಾರಾವಾಹಿಯ ಜನಪ್ರಿಯತೆಗೆ ಕಾರಣವಾಯಿತು. ತಮ್ಮನ್ನು ಕುರಿತ ಕಂತನ್ನು ವಿರೋಧಿಸಿ ಮುಂಬಯಿಯ ಟ್ಯಾಕ್ಸಿ ಚಾಲಕರು ಪ್ರತಿಭಟಿಸಿದರು. ಸಂಸತ್ತು ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದ್ದು ಮರುವರ್ಷ, 1986ರಲ್ಲಿ. ಅನ್ಯಾಯವನ್ನು ಪ್ರಶ್ನಿಸುವ ಮಹಿಳೆ ಎಂಬ ಈ ಪಾತ್ರದ ಚಿತ್ರಣವು ಪ್ರಿಯಾ ಅವರ ಹೆಸರಿನೊಂದಿಗೆ ಕೊನೆಯವರೆಗೂ ಉಳಿಯಿತು.

ನಂತರದ ಕಿರುತೆರೆ ಕಾರ್ಯಕ್ರಮಗಳು

ತಂದೆ ರಚಿಸಿದ 'ಸ್ವಯಂಸಿದ್ಧಾ' ಧಾರಾವಾಹಿಯಲ್ಲಿ ಪ್ರಿಯಾ ಮುಖ್ಯ ಪಾತ್ರ ವಹಿಸಿದರು. 1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಬಂದ ಮೇಲೆ, 'ದಿ ಪ್ರಿಯಾ ತೆಂಡೂಲ್ಕರ್ ಶೋ' ಎಂಬ ಚರ್ಚಾ ಕಾರ್ಯಕ್ರಮವನ್ನು ನಿರೂಪಿಸಿದರು. ಸಾಮಾಜಿಕ ಸಮಸ್ಯೆಗಳೇ ಇದರ ವಸ್ತುವಾಗಿದ್ದವು. ರಜನಿಯಾಗಿ ಬರೆದುಕೊಟ್ಟ ಸಂಭಾಷಣೆಯ ಮೂಲಕ ಎತ್ತಿದಂತಹ ಪ್ರಶ್ನೆಗಳನ್ನು ಇಲ್ಲಿ ಅವರು ಸ್ವಂತ ಹೆಸರಿನಲ್ಲಿ ಕೇಳಿದರು. ಇದೇ ದಶಕದ 'ಹಮ್ ಪಾಂಚ್' ಹಾಸ್ಯ ಧಾರಾವಾಹಿಯಲ್ಲಿ ಅವರದು ತೀರಿಹೋದ ಮೊದಲ ಹೆಂಡತಿಯ ಪಾತ್ರ. ಗೋಡೆಯ ಮೇಲಿನ ಭಾವಚಿತ್ರದೊಳಗಿಂದಲೇ ಆಕೆ ಗಂಡನೊಡನೆ ಮಾತನಾಡುತ್ತಿದ್ದಳು.

ಸಾಹಿತ್ಯ

ಪ್ರಿಯಾ ಮರಾಠಿಯಲ್ಲಿ ಸಣ್ಣ ಕಥೆಗಳನ್ನು ಬರೆದರು. 'ಜ್ಯಾಚಾ ತ್ಯಾಚಾ ಪ್ರಶ್ನ', 'ಪಂಚತಾರಾಂಕಿತ' ಅವರ ಪುಸ್ತಕಗಳಲ್ಲಿ ಸೇರಿವೆ.

ವೈಯಕ್ತಿಕ ಜೀವನ ಮತ್ತು ನಿಧನ

'ರಜನಿ'ಯಲ್ಲಿ ಪತಿಯ ಪಾತ್ರ ವಹಿಸಿದ್ದ ನಟ ಹಾಗೂ ಲೇಖಕ ಕರಣ್ ರಾಜ್‌ದಾನ್ ಅವರನ್ನು 1988ರಲ್ಲಿ ವಿವಾಹವಾದರು. 1995ರಲ್ಲಿ ದಂಪತಿಗಳು ಬೇರೆಯಾದರು. ಸ್ತನ ಕ್ಯಾನ್ಸರಿನೊಂದಿಗೆ ಹೋರಾಡುತ್ತಿದ್ದ ಪ್ರಿಯಾ, 2002ರ ಸೆಪ್ಟೆಂಬರ್ 19ರಂದು ಮುಂಬಯಿಯಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 47 ವರ್ಷ ವಯಸ್ಸಾಗಿತ್ತು. ತಂದೆ ವಿಜಯ್ ತೆಂಡೂಲ್ಕರ್ 2008ರವರೆಗೆ ಬದುಕಿದ್ದರು.