ಪಂಡಿತಾ ರಮಾಬಾಯಿಯವರ ಜೀವನವೃತ್ತಾಂತ

ಹೊಳಲು, ಹಡಗಲಿಯ ಸೀಮೆಯಲ್ಲಿ ವಾಸಿಸುವವರಿಗೆ ತುಂಗಭದ್ರೆಯು ದಿನನಿತ್ಯದ ನದಿಯು. ಆ ನೀರು ಹುಟ್ಟುವ ಸ್ಥಳವನ್ನಾದರೋ ಕಂಡವರು ಕಡಿಮೆ. ಪಡುವಣ ಘಟ್ಟದ ಮೇಲೆ, ದಟ್ಟವಾದ ಅಡವಿಯ ನಡುವೆ, ಗಂಗಾಮೂಲವೆಂಬಲ್ಲಿ ತುಂಗೆಯೂ ಭದ್ರೆಯೂ ಹುಟ್ಟುತ್ತವೆ. ಅದೇ ಗಂಗಾಮೂಲದಲ್ಲಿ ೧೮೫೮ನೆಯ ಇಸವಿ ಏಪ್ರಿಲ್ ೨೩ರಂದು ಒಂದು ಹೆಣ್ಣು ಕೂಸು ಹುಟ್ಟಿತು. ಮುಂದೆ ಪಂಡಿತಾ ರಮಾಬಾಯಿ ಎಂದು ದೇಶದೇಶಗಳಲ್ಲಿ ಹೆಸರಾದವರು ಇವರೇ.

ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂಬ ಗಾದೆಯು ನಮ್ಮ ಊರುಗಳಲ್ಲಿ ಈಗಲೂ ಕೇಳಬರುತ್ತದೆ. ಕಟ್ಟೆಯ ಮೇಲೆ ಕೂತವರು ಅದನ್ನು ನಗುತ್ತಾ ಹೇಳುತ್ತಾರೆ. ಕೇಳಿದ ಹೆಂಗಸರೂ ಕೆಲವು ಸಾರಿ ನಕ್ಕು ಸುಮ್ಮನಾಗುತ್ತಾರೆ. ಯಾರಾದರೊಬ್ಬಳು ಮುಖ ಸಣ್ಣದು ಮಾಡಿಕೊಂಡರೆ, ತಮಾಷೆಯ ಮಾತಿಗೆ ಇಷ್ಟು ನೊಂದುಕೊಳ್ಳಬಾರದೆಂದು ಅವಳಿಗೇ ಬುದ್ಧಿ ಹೇಳುವದುಂಟು. ಈ ಮಾತು ನೋಯಿಸತಕ್ಕದ್ದೋ ಅಲ್ಲವೋ, ನೋಯಿಸುವದಾದರೆ ಯಾಕೆ, ಎಂಬದನ್ನು ತಿಳಿಯಲಿಚ್ಛಿಸುವವರು ರಮಾಬಾಯಿಯವರ ಬಾಳನ್ನು ನೋಡಬೇಕು. ಉಡುಪಿಯಿಂದ ಇಂಗ್ಲೆಂಡಿನ ವರೆಗೆ ಈ ಮಾತು ಬೇರೆ ಬೇರೆ ವೇಷ ಹಾಕಿಕೊಂಡು ಅವರ ಕುಟುಂಬವನ್ನೂ ಅವರನ್ನೂ ಎದುರುಗೊಂಡಿತು.

ಅವರ ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳವೆಂಬ ಊರಿನ ಬ್ರಾಹ್ಮಣರು. ಅವರು ಯೌವನದಲ್ಲಿ ಪುಣೆಗೆ ಹೋಗಿ, ಎರಡನೆಯ ಬಾಜೀರಾಯ ಪೇಶ್ವೆಯ ಅರಮನೆಯಲ್ಲಿ ಸ್ತ್ರೀಯರಿಗೆ ಸಂಸ್ಕೃತ ಕಲಿಸುತ್ತಿದ್ದ ಗುರುಗಳ ಶಿಷ್ಯರಾಗಿದ್ದರು. ಸ್ತ್ರೀಯು ಶ್ಲೋಕವನ್ನು ಹೇಳಿ ಅರ್ಥಮಾಡುವದು ಅವರಿಗೆ ಹೊಸದಾಗಿ ತೋಚಿತು. ಊರಿಗೆ ಬಂದು ತಮ್ಮ ಹೆಂಡತಿಗೆ ಕಲಿಸಬೇಕೆಂದಾಗ ಮನೆಯ ಹಿರಿಯರು ಒಪ್ಪಲಿಲ್ಲ. ಆಕೆಯು ತೀರಿಹೋದ ತರುವಾಯ ಅವರು ಲಕ್ಷ್ಮೀಬಾಯಿಯವರನ್ನು ಮದುವೆಯಾಗಿ, ಈ ಸಾರಿ ಪಟ್ಟುಬಿಡದೆ ಕಲಿಸಿದರು. ಹಿರಿಯರ ವಿರೋಧವು ಹೆಚ್ಚಲು, ಮನೆಯನ್ನು ಬಿಟ್ಟು ಗಂಗಾಮೂಲದ ಅಡವಿಯಲ್ಲಿ ಗುಡಿಸಲನ್ನು ಕಟ್ಟಿ ನೆಲೆಸಿದರು.

ಸುದ್ದಿಯು ಉಡುಪಿಗೆ ಮುಟ್ಟಿತು. ಪಂಡಿತರ ಸಭೆಯು ಅವರನ್ನು ಕರಿಸಿ ವಿಚಾರಿಸಿತು. ಅನಂತಶಾಸ್ತ್ರಿಗಳು ಹಳೆಯ ಗ್ರಂಥಗಳಿಂದ ಆಧಾರಗಳನ್ನು ತೋರಿಸಿ, ಸ್ತ್ರೀಯರು ಸಂಸ್ಕೃತ ಪುರಾಣಾದಿಗಳನ್ನು ಕಲಿಯುವದು ತಪ್ಪಲ್ಲವೆಂದು ವಾದಿಸಿದರು. ಗುರುಗಳೂ ಮುಖ್ಯ ಪಂಡಿತರೂ ಅದನ್ನು ಒಪ್ಪಿದ್ದರಿಂದ ಅವರಿಗೆ ಜಾತಿಯಿಂದ ಬಹಿಷ್ಕಾರವಾಗಲಿಲ್ಲ. ಒಂದು ಮಾತನ್ನು ಇಲ್ಲಿ ಗಮನಿಸತಕ್ಕದ್ದು. ಸ್ತ್ರೀಯ ವಿದ್ಯೆಯ ವಿಷಯವಾಗಿ ಇಷ್ಟು ದೊಡ್ಡ ಚರ್ಚೆ ನಡೆದರೂ, ಕಲಿತಿದ್ದವರು ಲಕ್ಷ್ಮೀಬಾಯಿಯವರು. ವಿಚಾರಣೆಗೆ ಕರಿಸಲ್ಪಟ್ಟವರು ಅವರ ಗಂಡನು.

ರಮಾಬಾಯಿಯವರು ಆರು ತಿಂಗಳ ಕೂಸಾಗಿದ್ದಾಗ ಕುಟುಂಬವು ಅಡವಿಯನ್ನು ಬಿಟ್ಟು ಯಾತ್ರೆಗೆ ಹೊರಟಿತು. ಪುಣ್ಯಕ್ಷೇತ್ರಗಳಲ್ಲಿ ಪುರಾಣ ಓದಿ, ಜನರು ಕೊಟ್ಟದ್ದರಿಂದ ಜೀವಿಸುತ್ತಾ ಅವರು ದೇಶವನ್ನೆಲ್ಲಾ ಸುತ್ತಿದರು. ತಂದೆಗೆ ವಯಸ್ಸಾಗಿದ್ದದರಿಂದ ಮಗಳಿಗೆ ಕಲಿಸುವ ಕೆಲಸವು ತಾಯಿಯ ಪಾಲಿಗೆ ಬಂತು. ಹಗಲೆಲ್ಲಾ ಮನೆಗೆಲಸವಿದ್ದದರಿಂದ ಲಕ್ಷ್ಮೀಬಾಯಿಯವರು ಬೆಳಕು ಹರಿಯುವದಕ್ಕೆ ಮುಂಚೆ ನಿದ್ದೆಗಣ್ಣಿನ ಮಗಳನ್ನು ತೋಳಿನಲ್ಲಿ ಎತ್ತಿಕೊಂಡು ಪಾಠ ಹೇಳಿಕೊಟ್ಟರು. ಹುಡುಗಿಯು ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದ್ದಲ್ಲದೆ ವ್ಯಾಕರಣವನ್ನೂ ಕಲಿತಳು. ಮರಾಠಿ, ಕನ್ನಡ, ಹಿಂದುಸ್ತಾನಿ ಭಾಷೆಗಳು ದಾರಿಯಲ್ಲಿಯೇ ಬಂದವು.

೧೮೭೪ರಲ್ಲಿ ಹಸಿವೆಯೂ ಬಡತನವೂ ಆ ಕುಟುಂಬವನ್ನು ಮುರಿದವು. ಮೊದಲು ತಂದೆಯು, ಸ್ವಲ್ಪ ಕಾಲದಲ್ಲಿಯೇ ತಾಯಿಯು, ಆಮೇಲೆ ಅಕ್ಕನು ತೀರಿಹೋದರು. ಉಳಿದ ಅಣ್ಣ ಶ್ರೀನಿವಾಸನೂ ತಂಗಿಯೂ ಕಾಲುನಡಿಗೆಯಿಂದ ಉತ್ತರದ ಕಡೆಗೆ ನಡೆದು ೧೮೭೮ರಲ್ಲಿ ಕಲ್ಕತ್ತೆಗೆ ಮುಟ್ಟಿದರು.

ಅಲ್ಲಿಯ ವಿದ್ವಾಂಸರು ಇಪ್ಪತ್ತು ವರುಷದ ಈ ಕನ್ಯೆಯ ಪಾಂಡಿತ್ಯದ ಸುದ್ದಿಯನ್ನು ಕೇಳಿ ಪರೀಕ್ಷೆಮಾಡಿದರು. ಆಕೆಯು ಕೇಳಿದ್ದಕ್ಕೆಲ್ಲಾ ಸಂಸ್ಕೃತದಲ್ಲಿಯೇ ಉತ್ತರಕೊಡಲು, ಆಶ್ಚರ್ಯಪಟ್ಟು ಪಂಡಿತಾ ಎಂಬ ಬಿರುದನ್ನೂ ಸರಸ್ವತಿ ಎಂಬ ಬಿರುದನ್ನೂ ಕೊಟ್ಟರು. ಇದು ದೊಡ್ಡ ಸನ್ಮಾನವೇ ಸರಿ. ಆದರೂ ಒಬ್ಬ ಸ್ತ್ರೀಯು ಚೆನ್ನಾಗಿ ವಿಚಾರಮಾಡಿದರೆ ಅವಳನ್ನು ದೇವತೆಯೆಂದು ಕರೆಯುವದು ಸುಲಭ. ಉಳಿದ ಸ್ತ್ರೀಯರಿಗೂ ಅದು ಸಾಧ್ಯವೆಂದು ಒಪ್ಪುವದು ಕಷ್ಟ. ಇವಳು ಗಂಡಸಿನ ಹಾಗೆ ಮಾತಾಡುತ್ತಾಳೆಂದು ನಾವು ಈಗಲೂ ಹೊಗಳುವದುಂಟಲ್ಲವೇ? ಆ ಹೊಗಳಿಕೆಯು ಒಬ್ಬಳನ್ನು ಎತ್ತಿ ಕೂಡ್ರಿಸಿ, ಅವಳ ತಾಯಿಯನ್ನೂ ಅಕ್ಕತಂಗಿಯರನ್ನೂ ಕೆಳಗೆ ತಳ್ಳುತ್ತದೆ. ರಮಾಬಾಯಿಯವರು ಮಾತ್ರ ತಮ್ಮ ಬುದ್ಧಿಯು ಎಲ್ಲಿಂದ ಬಂತೆಂಬದನ್ನು ಮರೆಯಲಿಲ್ಲ. ಮುಂದೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕವನ್ನು ತಮಗೆ ಕಲಿಸಿದ ತಾಯಿಯ ನೆನಪಿಗೇ ಅರ್ಪಿಸಿದರು.

ಕಲ್ಕತ್ತೆಯಲ್ಲಿ ಅವರು ಧರ್ಮಶಾಸ್ತ್ರಗಳನ್ನು ಓದಿದರು. ಗ್ರಂಥಕರ್ತರು ಅನೇಕ ವಿಷಯಗಳಲ್ಲಿ ಒಬ್ಬರಿಗೊಬ್ಬರು ಒಪ್ಪದೆ ಇದ್ದರೂ, ಸ್ತ್ರೀಜಾತಿಯು ಕೆಟ್ಟದ್ದು, ನಂಬತಕ್ಕದ್ದಲ್ಲ ಎಂಬದರಲ್ಲಿ ಮಾತ್ರ ಎಲ್ಲರೂ ಒಂದಾಗಿದ್ದಾರೆಂದು ಅವರು ಕಂಡುಕೊಂಡರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದವನ್ನು ಓದಿದ್ದೀರೋ ಎಂದು ಕೇಳಿದಾಗ, ಸ್ತ್ರೀಯರಿಗೆ ಅದರ ಅಧಿಕಾರವಿಲ್ಲವೆಂದು ರಮಾಬಾಯಿಯವರು ಹೇಳಿದರು. ಸೇನರು ನಕ್ಕು, ವೇದದ ಒಂದು ಪ್ರತಿಯನ್ನು ಕೊಟ್ಟು ಓದಲು ಹೇಳಿದರು. ಬಿರುದು ಹೊತ್ತ ಪಂಡಿತೆಯೂ ತನಗೆ ಅಧಿಕಾರವಿಲ್ಲವೆಂದು ನಂಬಿದ್ದಳು! ಇಂಥ ಮಾತು ಹೇಳುವವರ ಬಾಯಲ್ಲಿ ಮಾತ್ರ ಉಳಿಯದೆ ಕೇಳುವವರ ಮನಸ್ಸಿನೊಳಗೂ ಬೇರೂರುತ್ತದೆಂಬದಕ್ಕೆ ಇದೇ ಸಾಕ್ಷಿ.

೧೮೮೦ರಲ್ಲಿ ಅಣ್ಣನೂ ತೀರಿಹೋದನು. ಅದೇ ವರುಷ ಅವರು ಬೇರೆ ಜಾತಿಯವರಾದ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸರನ್ನು ಮದುವೆಯಾದರು. ಮನೋರಮೆಯೆಂಬ ಮಗಳು ಹುಟ್ಟಿದಳು. ೧೮೮೨ರ ಫೆಬ್ರವರಿಯಲ್ಲಿ ಗಂಡನು ಕಾಲರಾ ಬೇನೆಯಿಂದ ತೀರಿಹೋಗಲು, ಕೂಸನ್ನು ಎತ್ತಿಕೊಂಡು ಪುಣೆಗೆ ಬಂದು, ಸ್ತ್ರೀಯರಿಗೋಸ್ಕರ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು.

ಆ ವರುಷ ಸರಕಾರದ ವಿದ್ಯಾಕಮಿಶನ್ ಹಂಟರ್ ಸಾಹೇಬರ ಅಧ್ಯಕ್ಷತೆಯಲ್ಲಿ ಪುಣೆಗೆ ಬಂದಾಗ ರಮಾಬಾಯಿಯವರು ಸಾಕ್ಷಿ ಹೇಳಿದರು. ಹೆಣ್ಣುಮಕ್ಕಳಿಗೆ ಶಿಕ್ಷಕಿಯರನ್ನು ತರಬೇತು ಮಾಡಬೇಕು, ಸ್ತ್ರೀಯರಿಗೆ ವೈದ್ಯವಿದ್ಯೆಯನ್ನು ಕಲಿಸಬೇಕು ಎಂದು ಬೇಡಿದರು. ಓದಿದ ಗಂಡಸರಲ್ಲಿಯೂ ಬಹು ಮಂದಿ ಸ್ತ್ರೀವಿದ್ಯೆಗೆ ವಿರೋಧಿಗಳೆಂದೂ, ಸ್ತ್ರೀಯಲ್ಲಿ ಸಾಸಿವೆಕಾಳಿನಷ್ಟು ತಪ್ಪು ಕಂಡರೆ ಅದನ್ನು ಬೆಟ್ಟವಾಗಿ ಮಾಡುತ್ತಾರೆಂದೂ ತಿಳಿಸಿದರು. ಇದು ನಮಗೆ ತಿಳಿಯದ ಸಂಗತಿಯಲ್ಲ. ಗಂಡಸು ಲೆಕ್ಕ ತಪ್ಪಿದರೆ ಅವನು ತಪ್ಪಿದನೆನ್ನುತ್ತೇವೆ; ಹೆಂಗಸು ತಪ್ಪಿದರೆ ಹೆಂಗಸರೇ ಹೀಗೆ ಎನ್ನುತ್ತೇವೆ. ಒಬ್ಬಳ ತಪ್ಪಿಗೆ ಇಡೀ ಜಾತಿಯು ದಂಡ ಕೊಡಬೇಕಾಗುತ್ತದೆ.

೧೮೮೩ರಲ್ಲಿ ಅವರು ವೈದ್ಯವಿದ್ಯೆಯನ್ನು ಕಲಿಯಲು ಇಂಗ್ಲೆಂಡಿಗೆ ಹೋದರು. ಅಲ್ಲಿ ವಾಂಟೇಜ್ ಎಂಬ ಊರಿನ ಸಿಸ್ಟರುಗಳ ಮಠದಲ್ಲಿದ್ದು, ಸಪ್ಟಂಬರ್ ೨೯ರಂದು ಮಗಳೊಡನೆ ದೀಕ್ಷಾಸ್ನಾನ ಹೊಂದಿದರು. ಕಿವಿ ಮಂದವಾಗಿದ್ದದರಿಂದ ವೈದ್ಯವಿದ್ಯೆಯು ಕೈಗೂಡಲಿಲ್ಲ. ೧೮೮೪ರಿಂದ ೧೮೮೬ರ ವರೆಗೆ ಚೆಲ್ಟನ್‌ಹ್ಯಾಮ್ ಸ್ತ್ರೀವಿದ್ಯಾಲಯದಲ್ಲಿ ಡೊರೊಥಿಯಾ ಬೀಲ್ ಎಂಬ ಮುಖ್ಯೋಪಾಧ್ಯಾಯಿನಿಯ ಕೈಕೆಳಗೆ ಗಣಿತವನ್ನೂ ಪ್ರಕೃತಿಶಾಸ್ತ್ರವನ್ನೂ ಇಂಗ್ಲಿಷನ್ನೂ ಕಲಿತು, ತಾವು ಸಂಸ್ಕೃತವನ್ನು ಕಲಿಸಿದರು.

ಅಲ್ಲಿ ಗಂಡು ವಿದ್ಯಾರ್ಥಿಗಳಿಗೂ ಅವರು ಪಾಠ ಹೇಳಬಹುದೆಂಬ ಸೂಚನೆ ಹುಟ್ಟಿತು. ಆಗ ಭಾರತದಲ್ಲಿ ಸೇವೆ ಮಾಡುತ್ತಿದ್ದ ಬಿಷಪರು ಇದನ್ನು ವಿರೋಧಿಸಿದರು. ಸ್ತ್ರೀಯು ಪುರುಷರಿಗೆ ಬೋಧಿಸುವದನ್ನು ಅವಳ ದೇಶದವರು ಕೇಳಿದರೆ ಬೇಸರಪಟ್ಟಾರೆಂದು ಅವರು ಭಯಪಟ್ಟರು. ರಮಾಬಾಯಿಯವರು ಬೀಲ್ ಅಮ್ಮನವರಿಗೆ ಪತ್ರ ಬರೆದು ತಮ್ಮ ಆಶ್ಚರ್ಯವನ್ನು ತಿಳಿಸಿದರು. ತಮ್ಮ ತಾಯಿಯು ತರುಣರಿಗೆ ಪಾಠ ಹೇಳಿದಾಗ ತಂದೆಯು ಅಡ್ಡಿಮಾಡಲಿಲ್ಲ. ತಾವು ಹೇಳಿದಾಗ ಗಂಡನು ಅಡ್ಡಿಮಾಡಲಿಲ್ಲ. ಈಗ ಕ್ರೈಸ್ತರೇ ಅಡ್ಡಿಮಾಡುವದು ಹೇಗೆ ಎಂಬದೇ ಅವರ ತಾತ್ಪರ್ಯವಾಗಿತ್ತು.

ನಮ್ಮ ಸಭೆಗಳವರು ಈ ಸಂಗತಿಯನ್ನು ದಾಟಿಹೋಗಬಾರದು. ತಪ್ಪು ಉಡುಪಿಯಲ್ಲಿ ಮಾತ್ರ ಇರಲಿಲ್ಲ, ಬಿಷಪರ ಮನೆಯಲ್ಲಿಯೂ ಇತ್ತು. ಇನ್ನೂ ಒಂದನ್ನು ಯೋಚಿಸಬೇಕು. ಸ್ತ್ರೀಯು ವಿಚಾರಮಾಡಿ ಮಾತಾಡಿದರೆ ಇತರರಿಗೆ ಬೇಸರವಾದೀತೋ ಎಂದು ಅಳೆದು ನೋಡಿದವರು, ಮಾತಾಡಬೇಡವೆಂದರೆ ಅವಳಿಗೆ ನೋವಾದೀತೋ ಎಂದು ಅಳೆಯಲಿಲ್ಲ. ತಕ್ಕಡಿಯಲ್ಲಿ ಒಂದೇ ತಟ್ಟೆಯಿದ್ದರೆ ತೂಕವು ಸರಿಯಾಗುವದೇ?

೧೮೮೬ರಲ್ಲಿ ಅವರು ಅಮೇರಿಕಕ್ಕೆ ಹೋಗಿ, ಮರು ವರುಷ ಉಚ್ಚಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದರು. ಅಲ್ಲಿಯವರ ಸಹಾಯದಿಂದ ೧೮೮೯ರ ಮಾರ್ಚ್ ೧೧ರಂದು ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು.

ಅದೇ ವರುಷ ಪುಣೆಯಲ್ಲಿ ಅವರು ಉಪನ್ಯಾಸ ಮಾಡಿದರು. ಮದ್ಯಪಾನವೊಂದನ್ನು ಬಿಟ್ಟು ಉಳಿದೆಲ್ಲಾದರಲ್ಲಿ ಸ್ತ್ರೀಯರು ಪುರುಷರಿಗೆ ಸಮಾನರೆಂದು ಹೇಳಿದಾಗ, ಕೆಲವು ಗಂಡಸರು ಕೂಗಾಟವೆಬ್ಬಿಸಿದ್ದರಿಂದ ಭಾಷಣವು ನಿಂತುಹೋಯಿತು. ಆಗ ೨೮ ವರುಷದವರಾಗಿದ್ದ ಕವಿ ರವೀಂದ್ರನಾಥ ಠಾಕೂರರು ಅಲ್ಲಿದ್ದು ಈ ವಿಷಯವಾಗಿ ಬಂಗಾಳಿಯಲ್ಲಿ ಬರೆದರು. ಕೂಗಾಟವನ್ನು ಅವರು ಮೆಚ್ಚಲಿಲ್ಲ. ಆದರೆ ಬುದ್ಧಿಶಕ್ತಿಯಲ್ಲಿ ಸ್ತ್ರೀಯರು ಪುರುಷರಿಗೆ ಸಮಾನರಲ್ಲ, ಅವರ ಗುಣಗಳು ಬೇರೆ ಬಗೆಯವು ಎಂದು ಅವರೂ ಅಭಿಪ್ರಾಯಪಟ್ಟರು.

ಒಬ್ಬರು ಕೂಗಿ ಬಾಯಿ ಮುಚ್ಚಿಸಿದರು. ಇನ್ನೊಬ್ಬರು ಮೃದುವಾಗಿ ಬರೆದರು. ಎರಡಕ್ಕೂ ವ್ಯತ್ಯಾಸವುಂಟು, ಕವಿಯ ಮನಸ್ಸಿನಲ್ಲಿ ದ್ವೇಷವಿರಲಿಲ್ಲ. ಆದರೂ ಎದುರಿಗಿದ್ದ ಸ್ತ್ರೀಯ ವಾದವು ಸರಿಯೋ ತಪ್ಪೋ ಎಂದು ತೂಗುವದನ್ನು ಬಿಟ್ಟು, ಅವಳ ಜಾತಿಯೇ ಇಷ್ಟೆಂದು ತೀರ್ಪು ಹೇಳುವದು ಎರಡರಲ್ಲಿಯೂ ಉಂಟು. ಈ ಮಾತಿನ ಕುತ್ತವು ಇಲ್ಲಿಯೇ ಇದೆ. ಅದು ಮನಸ್ಸನ್ನು ನೋಯಿಸುತ್ತದೆ ನಿಜ; ಅದಕ್ಕಿಂತ ಹೆಚ್ಚಾಗಿ ಅದು ಕೇಳದೆ ತೀರ್ಪು ಮಾಡುತ್ತದೆ. ಒಬ್ಬನನ್ನು ವಿಚಾರಿಸದೆ ಅಪರಾಧಿಯೆಂದು ತೀರಿಸುವದುಂಟೇ ಎಂಬ ನಿಕೊದೇಮನ ಪ್ರಶ್ನೆಯು ಇಲ್ಲಿಯೂ ಸಲ್ಲುತ್ತದೆ. ತೀರ್ಪು ಮೊದಲೇ ಆಗಿದ್ದರೆ ಹುಡುಗಿಯನ್ನು ಶಾಲೆಗೆ ಕಳುಹಿಸುವವರಾರು? ಲೆಕ್ಕವನ್ನು ಅವಳ ಕೈಗೆ ಕೊಡುವವರಾರು? ಕೊಡದೆ ಇದ್ದು, ಆಮೇಲೆ ಅವಳಿಗೆ ಬರುವದಿಲ್ಲವೆಂದು ಹೇಳುವದು ಬಿತ್ತದ ಹೊಲವನ್ನು ಬಂಜರೆಂದು ದೂರಿದ ಹಾಗೆ.

ರಮಾಬಾಯಿಯವರು ಕೂಗಾಟಕ್ಕೆ ಕೂಗಾಟವನ್ನು ಸಲ್ಲಿಸಲಿಲ್ಲ, ಸುಮ್ಮನೂ ಇರಲಿಲ್ಲ. ಬಿತ್ತಿ ತೋರಿಸಿದರು. ೧೮೯೬ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರಗಾಲ ಬಿದ್ದಾಗ ನೂರಾರು ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದು, ಪುಣೆಯ ಪೂರ್ವಕ್ಕಿರುವ ಕೇಡಗಾಂವದಲ್ಲಿ ಮುಕ್ತಿಯೆಂಬ ಆಶ್ರಮವನ್ನು ಬೆಳೆಸಿದರು. ೧೯೦೦ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯಿದ್ದರು. ಓದು, ಬರಹ, ನೆಯ್ಗೆ, ತೋಟಗಾರಿಕೆಗಳ ಜೊತೆಗೆ ಅಚ್ಚುಕೂಟವನ್ನೂ ಸ್ತ್ರೀಯರೇ ನಡಿಸಿದರು. ಕುರುಡರಿಗೂ ಅಲ್ಲಿ ಬೆರಳಿನಿಂದ ಓದುವದನ್ನು ಕಲಿಸಿದರು. ಕನ್ನಡನಾಡನ್ನೂ ಅವರು ಮರೆಯಲಿಲ್ಲ. ಆಗ ನಿಜಾಮನ ರಾಜ್ಯದಲ್ಲಿದ್ದ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ತಾಯಿಮಗಳು ಒಂದು ಶಾಲೆಯನ್ನು ಸ್ಥಾಪಿಸಿದರು. ಮನೋರಮಾಬಾಯಿಯವರು ಅದನ್ನು ನಡಿಸಿದರು.

ಕಡೆಯ ವರುಷಗಳಲ್ಲಿ ಅವರು ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಸ್ತ್ರೀಯರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಿದರು. ನಮ್ಮ ಬಳ್ಳಾರಿಯಲ್ಲಿ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸರು ಕನ್ನಡ ಸತ್ಯವೇದಕ್ಕಾಗಿ ಎಷ್ಟು ವರುಷ ದುಡಿದರೆಂಬದನ್ನು ಬಲ್ಲವರಿಗೆ ಈ ಕೆಲಸದ ಭಾರವು ತಿಳಿಯುವದು. ಒಂದೊಂದು ಪದದ ಅರ್ಥವನ್ನು ತೂಗಿ, ಒಂದು ವಾಕ್ಯವನ್ನು ಇನ್ನೊಂದರೊಡನೆ ಹೋಲಿಸಿ, ಕಾರಣವಿಲ್ಲದೆ ಏನನ್ನೂ ಬರೆಯದಿರುವದೇ ಭಾಷಾಂತರ. ತರ್ಕವೆಂಬದು ಇದಲ್ಲದೆ ಇನ್ನೇನು?

೧೯೨೧ರಲ್ಲಿ ಮಗಳು ತೀರಿಹೋದರು. ಭಾಷಾಂತರವನ್ನು ಮುಗಿಸಿ, ೧೯೨೨ನೆಯ ಏಪ್ರಿಲ್ ೫ರಂದು ರಮಾಬಾಯಿಯವರೂ ಈ ಲೋಕವನ್ನು ಬಿಟ್ಟರು. ಅವರ ವಯಸ್ಸು ೬೩ ಆಗಿತ್ತು.

ವಾಚಕರೇ, ಇಂದು ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಆದರೂ ಅವರು ಸಭೆಯಲ್ಲಿ ಎದ್ದು ನಿಂತರೆ ಹಳೆಯ ಗಾದೆಯು ಹಿಂದಿನ ಸಾಲಿನಿಂದ ಕೇಳಬರುವದುಂಟು. ಮನೆಯಲ್ಲಿರುವ ಜೋಳವನ್ನು ಮುಂದಿನ ಸುಗ್ಗಿಯ ವರೆಗೆ ಅಳೆದು ಹಂಚುವವಳು, ಸಂಘದ ಸಾಲದ ಬಡ್ಡಿಯನ್ನು ಬೆರಳಲ್ಲೇ ಎಣಿಸುವವಳು ವಿಚಾರಶಕ್ತಿಯಿಲ್ಲದವಳೇ? ಅವಳು ಹೇಳಿದ್ದೆಲ್ಲಾ ಸರಿಯೆಂದು ಒಪ್ಪಬೇಕಾಗಿಲ್ಲ. ಗಂಡಸು ಹೇಳಿದ್ದನ್ನೂ ನಾವು ಹಾಗೆ ಒಪ್ಪುವದಿಲ್ಲವಷ್ಟೆ. ಮೊದಲು ಕೇಳೋಣ, ಕಾರಣವನ್ನು ತೂಗೋಣ, ತಪ್ಪಿದ್ದರೆ ಆ ಮಾತಿನ ತಪ್ಪನ್ನೇ ತೋರಿಸೋಣ. ತಮಾಷೆಯೆಂದು ಗಾದೆಯು ನಾಲಿಗೆಗೆ ಬಂದಾಗ, ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿರುವ ಹುಡುಗಿಯು ಅದನ್ನು ಕೇಳಿ ಏನನ್ನು ಕಲಿಯುವಳೆಂದು ಒಂದು ಗಳಿಗೆ ಯೋಚಿಸೋಣ.